ಎದೆಯ ಅರ್ಬುದವೂ ಕೊರಳ ಗಂಟೂ

ನಮ್ಮ ಮನೆಗಳ ಹೆಂಗಸರು ತಮ್ಮ ದೇಹದ ತೊಂದರೆಗಳನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ವಿರಳ. ಅದರಲ್ಲಿಯೂ ಎದೆಯಲ್ಲಿ ತೋರಿದ ಗಂಟನ್ನು ಮಗಳಿಗಾಗಲಿ ಸೊಸೆಗಾಗಲಿ ತಿಳಿಸದೆ, ತಿಂಗಳುಗಟ್ಟಲೆ ಸೆರಗಿನ ಮರೆಯಲ್ಲಿಯೇ ಇರಿಸಿಕೊಳ್ಳುವವರು ಅನೇಕರುಂಟು. ಸ್ತನದ ಅರ್ಬುದವು, ಎಂದರೆ ಕ್ಯಾನ್ಸರು, ಇಂದು ಭಾರತದ ಸ್ತ್ರೀಯರಿಗೆ ತಗಲುವ ಅರ್ಬುದಗಳಲ್ಲೆಲ್ಲ ಮೊದಲನೆಯದಾಗಿದೆ. ಅದರ ವಿಷಯವಾಗಿ ಜನರಲ್ಲಿ ಈಗ ಎಷ್ಟೋ ತಿಳಿವಳಿಕೆ ಹಬ್ಬಿದೆ. ಆದರೆ ಆ ವ್ಯಾಧಿಯು ಗುಣವಾಯಿತೆಂದು ಮನೆಯವರೆಲ್ಲರೂ ನಿಶ್ಚಿಂತರಾಗಿ, ವರ್ಷಗಳು ಕಳೆದ ತರುವಾಯ ಕೊರಳ ಮುಂಭಾಗದಲ್ಲಿ ಒಂದು ಗಂಟು ಕಾಣಿಸಿಕೊಂಡರೆ, ಅದಕ್ಕೂ ಇದಕ್ಕೂ ಸಂಬಂಧವಿರಬಹುದೆಂದು ಊಹಿಸುವವರು ಕಡಮೆ. ಈ ಸಂಬಂಧವು ಅಪರೂಪವಾದುದೇ ಸರಿ; ಆದರೂ ಗೃಹಸ್ಥರು ತಿಳಿದಿರಬೇಕಾದುದು. ಆದುದರಿಂದ ಅದನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ಕೊರಳಿನಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಶ್ವಾಸನಾಳವನ್ನು ಅಪ್ಪಿಕೊಂಡು ಚಿಟ್ಟೆಯ ಆಕಾರದ ಒಂದು ಗ್ರಂಥಿಯುಂಟು. ಇದಕ್ಕೆ ಥೈರಾಯ್ಡ್ ಎಂದು ಹೆಸರು. ತೂಕದಲ್ಲಿ ಸುಮಾರು ೨೦ ಗ್ರಾಂ ಮಾತ್ರವೇ ಆದರೂ ಇದರ ಅಧಿಕಾರವು ದೊಡ್ಡದು. ಆಹಾರದಲ್ಲಿನ ಅಯೋಡಿನನ್ನು ಹೀರಿಕೊಂಡು ಇದು ಸಿದ್ಧಪಡಿಸುವ ರಸಗಳು ರಕ್ತದೊಡನೆ ಕೂಡಿ, ದೇಹದ ಉಷ್ಣತೆ, ಹೃದಯದ ಗತಿ, ಅನ್ನದ ವಿನಿಯೋಗ ಇವುಗಳನ್ನೆಲ್ಲ ಹತೋಟಿಯಲ್ಲಿಡುತ್ತವೆ. ಈ ಕಾರ್ಯಕ್ಕಾಗಿ ಅದಕ್ಕೆ ರಕ್ತದ ಪೂರೈಕೆಯೂ ಧಾರಾಳವಾಗಿದೆ. ತನ್ನ ತೂಕಕ್ಕೆ ಹೋಲಿಸಿದರೆ ಅತಿ ಹೆಚ್ಚು ರಕ್ತವನ್ನು ಪಡೆಯುವ ಅವಯವಗಳಲ್ಲಿ ಇದೂ ಒಂದು.

ಇನ್ನು ಎದೆಯ ವ್ಯಾಧಿಯು ಕೊರಳಿಗೆ ಬರುವ ಬಗೆ ಹೇಗೆ? ಅರ್ಬುದದ ಜೀವಕೋಶಗಳು ಮೂಲದ ಗಂಟಿನಿಂದ ಕಳಚಿಕೊಂಡು, ದುಗ್ಧರಸದ ನಾಳಗಳ ಮೂಲಕ ಕಂಕುಳಿನ ಗ್ರಂಥಿಗಳನ್ನೂ, ರಕ್ತದ ಮೂಲಕ ದೂರದ ಅವಯವಗಳನ್ನೂ ಸೇರಬಲ್ಲವು. ಹಾಗಾದರೆ ರಕ್ತವು ಹರಿಯುವಲ್ಲೆಲ್ಲ ವ್ಯಾಧಿಯು ಸಮನಾಗಿ ಬೇರೂರಬೇಕಲ್ಲವೆ? ಹಾಗಾಗುವುದಿಲ್ಲ. ಲಂಡನ್ನಿನ ಶಸ್ತ್ರವೈದ್ಯನಾದ ಸ್ಟೀಫನ್ ಪ್ಯಾಜೆಟ್ ಎಂಬಾತನು ಸ್ತನದ ಅರ್ಬುದದಿಂದ ಮೃತರಾದ ೭೩೫ ಮಂದಿಯ ವೃತ್ತಾಂತಗಳನ್ನು ಪರಿಶೀಲಿಸಿ, ೧೮೮೯ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಯಕೃತ್ತಿಗೂ ಗುಲ್ಮಕ್ಕೂ ರಕ್ತವು ಧಾರಾಳವಾಗಿಯೇ ಹೋಗುತ್ತಿದ್ದರೂ ಯಕೃತ್ತಿನಲ್ಲಿ ವ್ಯಾಧಿಯು ಪದೇ ಪದೇ ಬೇರೂರಿದ್ದುದನ್ನೂ, ಗುಲ್ಮದಲ್ಲಿ ಅದು ತೀರ ವಿರಳವಾಗಿದ್ದುದನ್ನೂ ಆತನು ಕಂಡನು. ಗಾಳಿಯು ಬೀಜವನ್ನು ಎಲ್ಲ ಕಡೆಗೂ ಒಯ್ಯುತ್ತದೆ. ಮೊಳೆಯುವುದು ಮಾತ್ರ ಒಗ್ಗಿದ ನೆಲದಲ್ಲಿ ಎಂಬುದು ಆತನ ಸಿದ್ಧಾಂತದ ಸಾರ. ಕರಲುಭೂಮಿಯಲ್ಲಿ ಬಿತ್ತಿ ಬೆಳೆಗಾಣದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಥೈರಾಯ್ಡ್ ಗ್ರಂಥಿಯು ಇಂಥ ಬೀಜಗಳಿಗೆ ಅಷ್ಟಾಗಿ ಒಗ್ಗದ ನೆಲ. ಅದರೊಳಗೆ ರಕ್ತವು ರಭಸದಿಂದ ಹರಿಯುವುದರಿಂದ ಕೋಶಗಳಿಗೆ ನೆಲೆ ನಿಲ್ಲಲು ಅವಕಾಶವಾಗದೆಂದು ಕೆಲವರೂ, ಅಲ್ಲಿನ ಅಯೋಡಿನು ಅವಕ್ಕೆ ಹಿಡಿಸದೆಂದು ಕೆಲವರೂ ತರ್ಕಿಸಿದ್ದಾರೆ. ಹೀಗಿದ್ದರೂ ಮೂತ್ರಪಿಂಡ, ಶ್ವಾಸಕೋಶ, ಸ್ತನ, ದೊಡ್ಡಕರುಳು ಇವುಗಳ ಅರ್ಬುದಗಳು ಕೆಲವು ವೇಳೆ ಇಲ್ಲಿಗೆ ಬಂದು ಸೇರುವುದುಂಟು. ಸ್ತನದ ಅರ್ಬುದದ ಕೋಶಗಳು ದೇಹದಲ್ಲಿ ಹತ್ತು ಹದಿನೈದು ವರ್ಷಗಳವರೆಗೂ ನಿದ್ರಿಸುವಂತೆ ಅಡಗಿದ್ದು, ಆಮೇಲೆ ತಲೆಯೆತ್ತಬಲ್ಲವು. ಆದಕಾರಣ ‘ಅದು ಹಳೆಯ ಕಥೆ’ ಎಂದು ಮೊದಲಿನ ವ್ಯಾಧಿಯನ್ನು ಮರೆತುಬಿಡುವುದು ತರವಲ್ಲ.

ಹಾಗೆಂದು ಕೊರಳ ಗಂಟನ್ನು ಕಂಡೊಡನೆ ಎದೆಗೆಡಬೇಕಾಗಿಯೂ ಇಲ್ಲ. ಥೈರಾಯ್ಡಿನಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ನಿರಪಾಯಕರವಾದವು. ಹಿಂದೆ ಸ್ತನದ ಅರ್ಬುದವನ್ನು ಅನುಭವಿಸಿದವರಲ್ಲಿ ಮಾತ್ರ ಮೂರು ಸಾಧ್ಯತೆಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಬೇಕಾಗುತ್ತದೆ: ಗಂಟು ಸಾಧಾರಣವಾದುದಿರಬಹುದು, ಥೈರಾಯ್ಡಿನಲ್ಲಿಯೇ ಹುಟ್ಟಿದ ಹೊಸ ಅರ್ಬುದವಿರಬಹುದು, ಇಲ್ಲವೆ ಎದೆಯಿಂದ ಬಂದ ಹಳೆಯದೇ ಇರಬಹುದು. ಬರಿಗಣ್ಣಿಗೂ ಬೆರಳಿಗೂ ಈ ಮೂರರ ಭೇದವು ತಿಳಿಯದು. ಗ್ರಂಥಿಯ ಕೆಲಸವನ್ನು ಅಳೆಯುವ ರಕ್ತಪರೀಕ್ಷೆಯು ಮೂರರಲ್ಲಿಯೂ ಸರಿಯಾಗಿಯೇ ಇರಬಹುದಾದ್ದರಿಂದ, ಅದೊಂದನ್ನೇ ನಂಬಿ ಸಮಾಧಾನಗೊಳ್ಳುವಂತಿಲ್ಲ.

ಇದಕ್ಕೆ ಕ್ರಮವಾದ ಮಾರ್ಗವಿದೆ. ಮೊದಲು ಅಲ್ಟ್ರಾಸೌಂಡ್ ಯಂತ್ರದಿಂದ ಗಂಟಿನ ಸ್ವರೂಪವನ್ನು ನೋಡುವರು. ಅನಂತರ ಸೂಕ್ಷ್ಮವಾದ ಸೂಜಿಯಿಂದ ಕೆಲವು ಕೋಶಗಳನ್ನು ಹೊರತೆಗೆದು, ಸೂಕ್ಷ್ಮದರ್ಶಕದ ಕೆಳಗಿರಿಸಿ, ವಿಶೇಷ ವರ್ಣಗಳಿಂದ ಅವುಗಳ ಕುಲವನ್ನು ವಿಚಾರಿಸುವರು. ಥೈರಾಯ್ಡಿನ ಕೋಶಗಳಾದರೆ ಸಾಮಾನ್ಯವಾಗಿ ಥೈರೋಗ್ಲಾಬ್ಯುಲಿನ್ ಎಂಬ ವಸ್ತುವನ್ನು ತೋರುತ್ತವೆ. ಸ್ತನದಿಂದ ಬಂದವು ಅದನ್ನು ತೋರವು; ಅವುಗಳಲ್ಲಿ ಅನೇಕವು ಈಸ್ಟ್ರೋಜನ್ ಎಂಬ ಸ್ತ್ರೀರಸವನ್ನು ಗ್ರಹಿಸುವ ಗುರುತನ್ನು ಹೊತ್ತಿರುತ್ತವೆ. ಈ ಕುಲನಿರ್ಣಯವು ಕೇವಲ ಪಾಂಡಿತ್ಯದ ಮಾತಲ್ಲ. ಚಿಕಿತ್ಸೆಯೆಲ್ಲ ಅದನ್ನೇ ಅವಲಂಬಿಸಿದೆ. ಥೈರಾಯ್ಡಿನ ಸ್ವಂತ ಅರ್ಬುದಗಳಲ್ಲಿ ಹಲವಕ್ಕೆ ಶಸ್ತ್ರಕ್ರಿಯೆಯೂ, ಕೆಲವರಿಗೆ ಅದರೊಡನೆ ವಿಕಿರಣಶೀಲ ಅಯೋಡಿನೂ ಒಳ್ಳೆಯ ಗುಣವನ್ನು ಕೊಡುತ್ತವೆ. ಎದೆಯಿಂದ ಬಂದ ವ್ಯಾಧಿಗೆ ಆ ಅಯೋಡಿನು ಮದ್ದಲ್ಲ. ಅದು ದೇಹದಲ್ಲಿ ಬೇರೆಡೆಯೂ ಅಡಗಿರಬಹುದಾದ್ದರಿಂದ ಸರ್ವಾಂಗಕ್ಕೂ ಮುಟ್ಟುವ ಔಷಧಗಳೇ ಬೇಕು. ಈಸ್ಟ್ರೋಜನ್ನಿನ ಗುರುತುಳ್ಳ ಕೋಶಗಳಿಗೆ ಅದರ ಪ್ರಭಾವವನ್ನು ತಡೆಯುವ ಮಾತ್ರೆಗಳುಂಟು. ಹರ್-೨ ಎಂಬ ಗುರುತುಳ್ಳವಕ್ಕೆ ೧೯೯೮ರಲ್ಲಿ ಬಳಕೆಗೆ ಬಂದ ಟ್ರಾಸ್ಟುಜುಮ್ಯಾಬ್ ಮೊದಲಾದವುಂಟು. ಗಂಟು ಉಸಿರನ್ನು ಒತ್ತುತ್ತಿದ್ದರೆ, ಅಥವಾ ವ್ಯಾಧಿಯು ಕೊರಳೊಂದರಲ್ಲಿಯೇ ನಿಂತಿದ್ದರೆ, ಶಸ್ತ್ರಕ್ರಿಯೆಯನ್ನು ಯೋಚಿಸುವರು. ಹೀಗೆ ಹರಡಿದ ವ್ಯಾಧಿಯನ್ನು ಬೇರುಸಹಿತ ಕೀಳುವುದು ಸಾಮಾನ್ಯವಾಗಿ ಸಾಧ್ಯವಾಗದು. ಆದರೆ ಅದನ್ನು ಹತೋಟಿಯಲ್ಲಿಟ್ಟುಕೊಂಡು ವರ್ಷಗಳವರೆಗೆ ಸಂಸಾರದ ನಡುವೆ ಬಾಳುತ್ತಿರುವವರು ಇಂದು ಅನೇಕರುಂಟು.

ಗೃಹಸ್ಥರು ಮಾಡತಕ್ಕ ಕಾರ್ಯಗಳು ಕೆಲವೇ. ಮೊದಲನೆಯದು, ಹಿಂದಿನ ಚಿಕಿತ್ಸೆಯ ಕಾಗದಪತ್ರಗಳನ್ನು, ಅದರಲ್ಲಿಯೂ ಶಸ್ತ್ರಕ್ರಿಯೆಯಲ್ಲಿ ತೆಗೆದ ಗಂಟಿನ ಪರೀಕ್ಷಾವರದಿಯನ್ನು, ಮನೆಯ ಪತ್ರಗಳಂತೆಯೇ ಭದ್ರವಾಗಿಡುವುದು. ಎರಡನೆಯದು, ಹೊಸ ವೈದ್ಯರ ಬಳಿಗೆ ಹೋದಾಗ ಹಳೆಯ ವ್ಯಾಧಿಯನ್ನು ಸಂಕೋಚದಿಂದ ಮುಚ್ಚಿಡದಿರುವುದು. ಕೊರಳಿನ ವೈದ್ಯರಿಗೆ ಎದೆಯ ಸಂಗತಿಯೇಕೆ ಎಂದು ತಿಳಿಯಬಾರದು. ಮೂರನೆಯದು, ಕೊರಳಿನಲ್ಲಿ ಬೆಳೆಯುತ್ತಿರುವ ಗಂಟು, ವಾರಗಟ್ಟಲೆ ನಿಲ್ಲುವ ಗೊಗ್ಗರುಧ್ವನಿ, ನುಂಗುವುದರಲ್ಲಿಯೋ ಉಸಿರಾಟದಲ್ಲಿಯೋ ತೊಡಕು, ಇವುಗಳಲ್ಲಿ ಒಂದು ಕಂಡರೂ ಲೇಪ, ಬರೆ, ಮನೆಮದ್ದುಗಳಲ್ಲಿ ಕಾಲಹರಣಮಾಡದೆ ವೈದ್ಯರಿಗೆ ತೋರಿಸುವುದು. ಬೆಂಗಳೂರಿನಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಂಥ ಅರ್ಬುದದ ಆಸ್ಪತ್ರೆಗಳಲ್ಲಿ ಇಂಥ ಪರೀಕ್ಷೆಗಳಿಗೆ ಅನುಕೂಲವಿದೆ.

ಇವೆಲ್ಲಕ್ಕೂ ಮೊದಲು ಮನೆಯಲ್ಲಿ ಒಂದು ಮಾತು ನಡೆಯಬೇಕು. ತಾಯಿಯೋ ಅತ್ತೆಯೋ ತನ್ನ ಕೊರಳಿನ ಗಂಟನ್ನು ತಾನಾಗಿ ಹೇಳುವವರೆಗೆ ಕಾಯದೆ, ಹತ್ತಿರದವರು ಆಗಾಗ್ಗೆ ವಿಶ್ವಾಸದಿಂದ ವಿಚಾರಿಸುತ್ತಿರಬೇಕು. ಮನೆಮಂದಿಗೆಲ್ಲ ಬಡಿಸಿ ಕಡೆಯಲ್ಲಿ ಉಣ್ಣುವವಳು ತನ್ನ ನೋವನ್ನೂ ಕಡೆಯಲ್ಲಿಯೇ ಹೇಳುವಳೆಂಬುದನ್ನು ನಾವು ಮರೆಯಬಾರದು.