ಉಸ್ತಾದರ ಕ್ಯಾರಿಯರಿನಲ್ಲಿ ಸೋರೆಕಾಯಿ ಇರ್ಚಿ

ಮದ್ರಸದ ಉಸ್ತಾದರಿಗೆ ಊಟ ಕೊಡುವ ಪದ್ಧತಿ ನಮ್ಮ ಜಮಾಅತ್‌ಗಳಲ್ಲಿ ಹೇಗಿದೆ ಎಂದು ಈ ಪುಟದ ಓದುಗರಿಗೆ ಹೇಳಿಕೊಡಬೇಕಾಗಿಲ್ಲ. ಒಂದೊಂದು ದಿನ ಒಂದೊಂದು ಮನೆಯ ಪಾಳಿ. ಬೆಳಿಗ್ಗೆ ಮದ್ರಸಕ್ಕೆ ಬರುವ ಹುಡುಗನ ಕೈಯಲ್ಲಿ ನಾಷ್ಟಾ, ಮಧ್ಯಾಹ್ನಕ್ಕೆ ಕ್ಯಾರಿಯರ್, ರಾತ್ರಿಗೆ ಇನ್ನೊಮ್ಮೆ ಅದೇ ಕ್ಯಾರಿಯರ್. ಚಾರ್ಮಾಡಿಗೆ ಬಂದ ಮೇಲೆ ನಾನು ಉಂಡದ್ದೆಲ್ಲ ಹೀಗೆಯೇ. ಯಾವ ಮನೆಯ ಸಾರಿಗೆ ಹುಳಿ ಮುಂದೆ, ಯಾವ ಮನೆಯದ್ದಕ್ಕೆ ಖಾರ ಮುಂದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಹೇಳುವುದಿಲ್ಲ, ಅದು ಬೇರೆ ಮಾತು!

ಎರಡು ಮಳೆಗಾಲದ ಹಿಂದಿನ ಮಾತು. ಘಾಟಿಯ ಕಡೆಯಿಂದ ಮೋಡ ಇಳಿದು ಹಗಲೇ ಕತ್ತಲಾಗಿತ್ತು. ಆ ದಿನದ ಪಾಳಿ, ಗಂಡ ತೀರಿಹೋದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ಸಾಕುತ್ತಿರುವ ಒಬ್ಬ ತಾಯಿಯದ್ದು. ಅವರ ಮಗ ನಾಲ್ಕನೇ ತರಗತಿಯ ಹುಡುಗ. ಕ್ಯಾರಿಯರ್ ಇಟ್ಟವನು ಹೋಗಲಿಲ್ಲ, ಬಾಗಿಲ ಬಳಿ ಕೊಡೆ ಹಿಡಿದುಕೊಂಡೇ ನಿಂತ.

"ಏನು ಮೋನೇ?" ಅಂದೆ.

"ಉಸ್ತಾದೇ, ಉಮ್ಮ ಹೇಳ್ಲಿಕ್ಕೆ ಹೇಳಿದ್ದಾರೆ. ಇವತ್ತು ಇರ್ಚಿ ಸ್ವಲ್ಪವೇ ಇರುವುದು, ಸೋರೆಕಾಯಿ ಹಾಕಿದ್ದು. ಉಸ್ತಾದರು ಬೇಜಾರು ಮಾಡ್ಬಾರ್ದಂತೆ."

ಹೇಳಿ ಮುಗಿಸಿ ತಲೆ ತಗ್ಗಿಸಿದ. ಕ್ಯಾರಿಯರಿನ ಮೇಲಿನ ತಟ್ಟೆಯಲ್ಲಿ ಪತ್ತಿರ್, ಕೆಳಗಿನದ್ದರಲ್ಲಿ ಕೆಂಪಗಿನ ಸಾರು. ಎಲುಬಿನ ಎರಡು ತುಂಡು, ಉಳಿದದ್ದೆಲ್ಲ ಸೋರೆಕಾಯಿ. ಎಲುಬಿನ ರಸ, ಹುರಿದ ಕಾಯಿಯ ಮಸಾಲೆ ಎರಡನ್ನೂ ಕುಡಿದು ಸೋರೆಕಾಯಿ ಬೆಣ್ಣೆಯಂತಾಗಿತ್ತು. ಸತ್ಯ ಹೇಳಬೇಕೆಂದರೆ ಆ ತಿಂಗಳಲ್ಲಿ ನಾನು ಉಂಡ ಅತಿ ರುಚಿಯ ಊಟ ಅದು. ಕ್ಯಾರಿಯರ್ ತೊಳೆದು ಕೊಡುವಾಗ ಹುಡುಗನಿಗೆ ಹೇಳಿದೆ: "ಉಮ್ಮನಿಗೆ ನನ್ನ ಸಲಾಂ ಹೇಳು. ನೆಬಿಯವರು(ಸ.ಅ) ಹುಡುಕಿ ಹುಡುಕಿ ತಿಂದ ಊಟವನ್ನೇ ನನಗೆ ಕಳಿಸಿದ್ದಾರೆ ಅಂತ ಹೇಳು."

ಆಮೇಲೆ ಗೊತ್ತಾದ ಸಂಗತಿ ನನ್ನ ಗಂಟಲಲ್ಲಿ ಇವತ್ತಿಗೂ ಇದೆ. ಅದಕ್ಕೆ ಹಿಂದಿನ ಪಾಳಿಗಳಲ್ಲೆಲ್ಲ ಆ ಮನೆಯಿಂದ ನನಗೆ ಕೋಳಿ ಬರುತ್ತಿತ್ತು. ಅದು ಅಂಗಡಿಯ ಸಾಲದ ಕೋಳಿ. ಆ ದಿನ ಅಂಗಡಿಯವರಲ್ಲಿ ಮತ್ತೆ ಕೇಳಲಿಕ್ಕೆ ಮುಖ ಇರಲಿಲ್ಲ, ಅದಕ್ಕೇ ಸೋರೆಕಾಯಿ. ನಾನು ಏನೂ ಅರಿಯದೆ ಅಷ್ಟು ದಿನ ಒಬ್ಬ ವಿಧವೆಯ ಸಾಲವನ್ನು ಉಂಡಿದ್ದೆ.

ಹುಡುಗನ ಹತ್ತಿರ ನಾನು ಹೇಳಿ ಕಳಿಸಿದ್ದು ಸಮಾಧಾನದ ಮಾತಲ್ಲ, ಹದೀಸಿನಲ್ಲಿ ಇರುವುದು. ಮದೀನಾದ ಒಬ್ಬ ದರ್ಜಿ ನೆಬಿಯವರನ್ನು(ಸ.ಅ) ಊಟಕ್ಕೆ ಕರೆದರು. ಅನಸ್(ರ.ಅ) ಜೊತೆಗೆ ಹೋಗಿದ್ದರು. ಬಡಿಸಿದ್ದು ಬಾರ್ಲಿಯ ರೊಟ್ಟಿ ಮತ್ತು ಒಂದು ಸಾರು. ಸಾರಿನಲ್ಲಿ ಇದ್ದದ್ದು ಒಣಗಿಸಿದ ಮಾಂಸ ಮತ್ತು 'ದುಬ್ಬಾ', ಅಂದರೆ ಸೋರೆಕಾಯಿಯ ಜಾತಿಯ ತರಕಾರಿ. ನೆಬಿಯವರು(ಸ.ಅ) ಬಟ್ಟಲಿನ ಸುತ್ತ ಆ ತರಕಾರಿಯ ತುಂಡುಗಳನ್ನು ಅರಸಿ ತಿನ್ನುವುದನ್ನು ಕಂಡ ಅನಸ್‌ರಿಗೆ(ರ.ಅ) ಆ ದಿನದಿಂದ ದುಬ್ಬಾ ಎಂದರೆ ಪ್ರೀತಿಯಾಯಿತು. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ಹದೀಸ್ ಇದೆ. ಕರೆದವರು ಶ್ರೀಮಂತರಲ್ಲ, ಬಟ್ಟೆ ಹೊಲಿದು ಬದುಕುವವರು. ಅವರು ತಮ್ಮಲ್ಲಿ ಇದ್ದದ್ದನ್ನು ಬಡಿಸಿದರು. ಇರ್ಚಿ ಕಡಿಮೆಯಾಯಿತೆಂದು ಅವರು ಕ್ಷಮೆ ಕೇಳಿದ ಮಾತು ಅದರಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಹದೀಸನ್ನು ಮದ್ರಸದ ಮಕ್ಕಳಿಗೂ ಕಲಿಸುತ್ತೇವೆ. ಸಾರು ಬೇಯಿಸುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಮನೆಯವರನ್ನೂ ನೋಡಿಕೊಳ್ಳಬೇಕೆಂದು ಅಬೂದರ್‌ರಿಗೆ(ರ.ಅ) ನೆಬಿಯವರು(ಸ.ಅ) ಉಪದೇಶಿಸಿದ್ದು. ಇದು ಸಹೀಹ್ ಮುಸ್ಲಿಂನಲ್ಲಿದೆ. ಅಲ್ಲಿ ಸಾರಿಗೆ ಬಳಸಿದ ಅರಬಿ ಮಾತು 'ಮರಕ್'. ಗಲ್ಫಿನಲ್ಲಿ ದುಡಿದು ಬಂದವರಿಗೆ ಈ ಶಬ್ದ ಗೊತ್ತು. ಅಲ್ಲಿನ ಮನೆಗಳಲ್ಲಿ ಮಾಂಸದ ಜೊತೆ ಬಟಾಟೆ, ಟೊಮೆಟೊ, ಸೋರೆಕಾಯಿಯಂಥ ತರಕಾರಿ ಹಾಕಿ ಬೇಯಿಸುವ 'ಸಲೂನಾ' ಎಂಬ ಸಾರನ್ನು ಅನ್ನದೊಂದಿಗೆ ಉಣ್ಣುತ್ತಾರೆ. ಹೈದರಾಬಾದಿನವರ ದಾಲ್ಚಾದಲ್ಲಿ ಬೇಳೆ, ಮಟನ್, ಸೋರೆಕಾಯಿ ಒಟ್ಟಿಗೆ ಬೇಯುತ್ತವೆ. ಮಲಬಾರಿನವರು ಬಟಾಟೆ, ಕ್ಯಾರೆಟ್ ಹಾಕಿ ತೆಂಗಿನ ಹಾಲಿನಲ್ಲಿ 'ಇಷ್ಟು' ಮಾಡಿ ಅಪ್ಪದ ಜೊತೆ ಕೊಡುತ್ತಾರೆ. ಇವರಲ್ಲಿ ಯಾರಿಗೂ ಇರ್ಚಿಗೆ ತರಕಾರಿ ಸೇರಿಸುವುದು ಮರ್ಯಾದೆಗೇಡು ಅನ್ನಿಸಿಲ್ಲ. ನಮಗೆ ಯಾವಾಗಿನಿಂದ ಅನ್ನಿಸಲು ಶುರುವಾಯಿತೋ!

ನನ್ನ ಬಾಲ್ಯದಲ್ಲಿ ಹೀಗಿರಲಿಲ್ಲ. ಬಂಟ್ವಾಳದ ಕಡೆಯ ನಮ್ಮ ಮನೆಯಲ್ಲಿ ಒಂಬತ್ತು ಜನ. ವಾರಕ್ಕೊಮ್ಮೆ ಉಪ್ಪ ಅರ್ಧ ಕಿಲೋ ಇರ್ಚಿ ತರುತ್ತಿದ್ದರು. ಉಮ್ಮ ಅದಕ್ಕೆ ಬೇಸಿಗೆಯಲ್ಲಿ ಗುಜ್ಜೆ, ಮಳೆಗಾಲದಲ್ಲಿ ಅಟ್ಟದ ಕೆಳಗೆ ತೂಗುಹಾಕಿಟ್ಟ ಸೌತೆಕಾಯಿ, ಉಳಿದ ದಿನಗಳಲ್ಲಿ ಬಾಳೆಕಾಯಿಯೋ ಸುವರ್ಣಗಡ್ಡೆಯೋ ಹಾಕುತ್ತಿದ್ದರು. ಬಡಿಸುವಾಗ ಉಮ್ಮನ ಸೌಟಿಗೆ ಒಂದು ಲೆಕ್ಕ ಇತ್ತು. ಎಲ್ಲರ ಬಟ್ಟಲಿಗೂ ಒಂದು ತುಂಡು ಬೀಳುತ್ತಿತ್ತು, ಯಾರ ಬಟ್ಟಲಿಗೂ ಮೂರು ಬೀಳುತ್ತಿರಲಿಲ್ಲ. ಒಮ್ಮೆ ನನ್ನ ಶಾಲೆಯ ಗೆಳೆಯ ಊಟಕ್ಕೆ ಬಂದಾಗ, ಬಟ್ಟಲಲ್ಲಿ ಸೌತೆಯೇ ತುಂಬಿದ್ದು ಕಂಡು ನನಗೆ ನಾಚಿಕೆಯಾಯಿತು. ರಾತ್ರಿ ಉಮ್ಮನ ಹತ್ತಿರ ಜಗಳ ಮಾಡಿದೆ. ಉಮ್ಮ ಏನೂ ಹೇಳಲಿಲ್ಲ. ಅವರ ಬಟ್ಟಲಿಗೆ ಆ ದಿನ ಒಂದು ತುಂಡೂ ಬಿದ್ದಿರಲಿಲ್ಲವೆಂದು ದೊಡ್ಡಕ್ಕ ಹೇಳಿದ್ದು ಎಷ್ಟೋ ವರ್ಷದ ಮೇಲೆ. ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ ಹುಡುಗನಲ್ಲಿ ನಾನು ನನ್ನನ್ನೇ ಕಂಡೆ.

ಈ ಸಾರಿನ ಬೆಲೆ ಚಾರ್ಮಾಡಿಯವರಿಗೆ 2019ರಲ್ಲಿ ಚೆನ್ನಾಗಿ ತಿಳಿಯಿತು. ಆ ವರ್ಷ ಆಗಸ್ಟ್ 9ರ ಶುಕ್ರವಾರ ಗುಡ್ಡ ಕುಸಿದು, ಮೃತ್ಯುಂಜಯ ಹೊಳೆ ಉಕ್ಕಿ, ಕೊಳಂಬೆ ಕಡೆಯ ಮನೆ ತೋಟಗಳಿಗೆ ಮರಳು, ಮರದ ದಿಮ್ಮಿ ಬಂದು ಬಿತ್ತು. ಘಾಟಿ ರಸ್ತೆ ಮುಚ್ಚಿತು. ಮೂರೇ ದಿನಕ್ಕೆ, ಸೋಮವಾರ, ಬಕ್ರೀದ್. ಹೊಸ ಬಟ್ಟೆಯ ಮಾತು ಯಾರೂ ಎತ್ತಲಿಲ್ಲ. ನಾನು ಆ ದಿನ ಉಂಡ ಮನೆಯಲ್ಲಿ ಮೂರು ಕುಟುಂಬಗಳು ಒಟ್ಟಿಗೆ ಇದ್ದವು. ಉಳ್ಹಿಯ್ಯತ್‌ನ ಪಾಲು ಎಂದು ಬಂದ ಇರ್ಚಿ ಒಂದೂವರೆ ಕಿಲೋ ಇದ್ದಿರಬಹುದು, ಉಣ್ಣಲು ಇದ್ದವರು ಇಪ್ಪತ್ತಕ್ಕಿಂತ ಹೆಚ್ಚು. ಪಕ್ಕದ ತೋಟದ ಗೌಡರ ಮನೆಯವರು ನಾಲ್ಕು ಸೌತೆಕಾಯಿ, ಒಂದು ಬಾಳೆಗೊನೆ ತಂದು ಅಂಗಳದಲ್ಲಿ ಇಟ್ಟು, "ಹಬ್ಬಕ್ಕೆ ಇರಲಿ" ಅಂದು ಹೋದರು. ಎಲ್ಲವೂ ಒಂದೇ ಪಾತ್ರೆಗೆ ಬಿತ್ತು. ಎಲ್ಲರಿಗೂ ಸಾಕಾಯಿತು, ರಾತ್ರಿಗೂ ಸ್ವಲ್ಪ ಉಳಿಯಿತು. ಬರಕತ್ ಎಂಬ ಮಾತನ್ನು ನಾನು ಎಷ್ಟೋ ಸಲ ಪಾಠದಲ್ಲಿ ವಿವರಿಸಿದ್ದೇನೆ. ಅದನ್ನು ಪಾತ್ರೆಯಲ್ಲಿ ಕಂಡದ್ದು ಅಂದು.

ಈಗ ಅಡುಗೆಯ ಮಾತು. ಆ ತಾಯಿ ನನ್ನ ಮನೆಯಾಕೆಗೆ ಫೋನಿನಲ್ಲಿ ಹೇಳಿಕೊಟ್ಟದ್ದು ಇದು. ರಜೆಯಲ್ಲಿ ಊರಿಗೆ ಹೋದಾಗ ನಾವೂ ಮಾಡಿ ನೋಡಿದ್ದೇವೆ. ಏಳೆಂಟು ಜನರಿಗೆ ಸಾಕು.

ಎಲುಬು ಇರುವ ಆಡಿನ ಇರ್ಚಿ ಅರ್ಧ ಕಿಲೋ, ಎಳೆಯ ಸೋರೆಕಾಯಿ ಒಂದು ಕಿಲೋ, ಬಟಾಟೆ ಎರಡು. ಬರೀ ಮೆತ್ತಗಿನ ತುಂಡು ಬೇಡ, ಸಾರಿಗೆ ಗಟ್ಟಿತನ ಬರುವುದು ಎಲುಬಿನಿಂದ. ಇರ್ಚಿಯನ್ನು ತೊಳೆದು, ಹೆಚ್ಚಿದ ಒಂದು ನೀರುಳ್ಳಿ, ಜಜ್ಜಿದ ಶುಂಠಿ, ಆರೇಳು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಅರಶಿನ, ಉಪ್ಪು, ಮೂರು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಇಡಿ. ನಾಲ್ಕೈದು ಸೀಟಿ ಸಾಕು, ಬಲಿತ ಇರ್ಚಿಯಾದರೆ ಇನ್ನೆರಡು. ಬೆಂದ ನೀರನ್ನು ಚೆಲ್ಲಬಾರದು, ರುಚಿ ಇರುವುದು ಅದರಲ್ಲಿಯೇ.

ಅದು ಬೇಯುವಷ್ಟರಲ್ಲಿ ಮಸಾಲೆ. ಹತ್ತು ಬ್ಯಾಡಗಿ ಮೆಣಸು, ಎರಡು ದೊಡ್ಡ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಒಳ್ಳೆಮೆಣಸು, ಒಂದು ಚಿಟಿಕೆ ಮೆಂತೆ, ಒಂದು ತುಂಡು ಚಕ್ಕೆ, ಎರಡು ಲವಂಗ. ಇವನ್ನು ಒಂದೆರಡು ಹನಿ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತೆ ಕಪ್ಪಾದರೆ ಸಾರೆಲ್ಲ ಕಹಿ. ಅರ್ಧ ತೆಂಗಿನಕಾಯಿಯ ತುರಿಯನ್ನು ಬೇರೆಯಾಗಿ ಕಂದು ಬಣ್ಣ ಬರುವವರೆಗೆ ಹುರಿದು, ಎಲ್ಲವನ್ನೂ ಒಟ್ಟಿಗೆ ನುಣ್ಣಗೆ ಅರೆಯಿರಿ.

ಇನ್ನು ಬೇಯಿಸುವ ಕ್ರಮ. ಹೆಚ್ಚಿನವರು ತಪ್ಪುವುದು ಇಲ್ಲೇ. ಇರ್ಚಿಯ ಜೊತೆಗೇ ತರಕಾರಿಯನ್ನೂ ಕುಕ್ಕರಿಗೆ ತುಂಬಿದರೆ ಸೋರೆಕಾಯಿ ಕರಗಿ ಗಂಜಿಯಾಗುತ್ತದೆ. ಬೆಂದ ಇರ್ಚಿಯನ್ನು ರಸದೊಂದಿಗೆ ದೊಡ್ಡ ಪಾತ್ರೆಗೆ ಹಾಕಿ, ಕುದಿ ಬಂದಾಗ ಮೊದಲು ಬಟಾಟೆ ಹಾಕಿ. ಅದು ಅರ್ಧ ಬೆಂದ ಮೇಲೆ ಸೋರೆಕಾಯಿಯ ದೊಡ್ಡ ತುಂಡುಗಳು. ಸೋರೆಕಾಯಿ ತಾನೇ ನೀರು ಬಿಡುತ್ತದೆ, ಆದ್ದರಿಂದ ಮೊದಲೇ ನೀರು ಸುರಿಯಬೇಡಿ. ಆಮೇಲೆ ಬೇಕಾದರೆ ಬಿಸಿನೀರನ್ನೇ ಸೇರಿಸಿ. ತರಕಾರಿ ಮುಕ್ಕಾಲು ಬೆಂದಾಗ ಮಸಾಲೆ ಹಾಕಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ. ನೆಲ್ಲಿಕಾಯಿ ಗಾತ್ರದ ಹುಣಸೆಯ ರಸವನ್ನು ಕೊನೆಗೆ ಹಾಕಿ. ಹುಳಿ ಮೊದಲೇ ಬಿದ್ದರೆ ತರಕಾರಿ ಬೇಯಲು ಹಠ ಮಾಡುತ್ತದೆ. ಉಪ್ಪು ನೋಡಿ, ತೆಂಗಿನೆಣ್ಣೆಯಲ್ಲಿ ಹೆಚ್ಚಿದ ನೀರುಳ್ಳಿ, ಬೇವಿನ ಸೊಪ್ಪಿನ ಒಗ್ಗರಣೆ ಕೊಟ್ಟು ಮುಚ್ಚಿಡಿ. ಅರ್ಧ ಗಂಟೆ ಕೂತರೆ ಮಸಾಲೆ ತರಕಾರಿಯ ಒಳಗೆ ಇಳಿಯುತ್ತದೆ. ಪತ್ತಿರಿಗೂ ಕುಚ್ಚಲಕ್ಕಿ ಅನ್ನಕ್ಕೂ ಒಂದೇ ಹಾಗೆ ಹೊಂದುತ್ತದೆ.

ಸೋರೆಕಾಯಿ ಇಲ್ಲದಿದ್ದರೆ ಸೌತೆಕಾಯಿ, ಕ್ರಮ ಅದೇ. ಗುಜ್ಜೆ, ಬಾಳೆಕಾಯಿ ಆದರೆ ಬಟಾಟೆಯ ಜೊತೆಗೇ ಹಾಕಬೇಕು. ಸುವರ್ಣಗಡ್ಡೆಯನ್ನು ಹುಣಸೆನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದು, ಬೇರೆಯಾಗಿ ಬೇಯಿಸಿ ಸೇರಿಸಿದರೆ ಗಂಟಲು ತುರಿಸುವ ಭಯ ಇಲ್ಲ. ಸೋರೆಕಾಯಿ ಹೆಚ್ಚುವ ಮೊದಲು ಒಂದು ಚೂರು ಬಾಯಿಗೆ ಹಾಕಿ ನೋಡಿ. ಕಹಿ ಇದ್ದರೆ ಇಡೀ ಕಾಯಿಯನ್ನೇ ಬಿಸಾಡಿ, ಅದು ಹೊಟ್ಟೆಗೆ ಕೆಟ್ಟದ್ದು.

ನೆರೆಯವರು ಇರ್ಚಿ ತಿನ್ನದವರಾದರೆ ಹದೀಸಿನ ಪಾಠ ನಿಲ್ಲುವುದಿಲ್ಲ. ಅವರಿಗೆ ಈ ಸಾರು ಕಳಿಸುವಂತಿಲ್ಲ. ಹಿತ್ತಿಲಿನ ಸೋರೆಕಾಯಿಯನ್ನೇ ಕೊಡಬಹುದಲ್ಲ? ಕೊಡಿ. ನೆರೆ ಬಂದ ವರ್ಷ ಅವರು ಕೊಟ್ಟ ಸೌತೆಕಾಯಿಯನ್ನು ನಾವು ಮರೆತಿಲ್ಲ.

ಕೊನೆಗೆ ಒಂದು ವಿನಂತಿ. ಕಿಲೋ ಮಟನ್‌ಗೆ ಇಷ್ಟೊಂದು ಬೆಲೆ ಆಗಿರುವ ಈ ಕಾಲದಲ್ಲಿ, ಉಸ್ತಾದರ ಪಾಳಿ ಬಂತೆಂದು, ನೆಂಟರು ಬಂದರೆಂದು, ಸಾಲ ಮಾಡಿ ಇರ್ಚಿ ತರಬೇಡಿ. ಉಳ್ಳವರಿಗೂ ಒಂದು ಮಾತಿದೆ. ಒಬ್ಬರು ಕ್ಯಾರಿಯರಿನಲ್ಲಿ ಕಳಿಸಿದ್ದನ್ನು ಇನ್ನೊಬ್ಬರ ಮನೆಯದ್ದಕ್ಕೆ ಹೋಲಿಸಿ ಮಾತಾಡುವುದನ್ನು ಬಿಡೋಣ. ಬಡವರಿಗೆ ಸಾಲ ಮಾಡಿಸುವುದು ಹಸಿವಲ್ಲ, ಹೆಚ್ಚಿನ ಸಲ ಈ ಮಾತುಗಳೇ. ಮದ್ರಸದ ಉಸ್ತಾದರುಗಳೂ ತಮ್ಮ ಜಮಾಅತ್‌ನಲ್ಲಿ ಇದನ್ನು ಬಾಯಿ ಬಿಟ್ಟು ಹೇಳಬೇಕು. ನಾನು ಹೇಳಲು ತಡ ಮಾಡಿದೆ.

ಆ ಹುಡುಗ ಈಗ ಆರನೇ ತರಗತಿ. ಮೊನ್ನೆ ಅವರ ಪಾಳಿ ಇತ್ತು. ಕ್ಯಾರಿಯರ್ ಇಟ್ಟು ಓಡುತ್ತಾ, "ಉಸ್ತಾದೇ, ಇವತ್ತೂ ಸೋರೆಕಾಯಿ, ನಮ್ಮ ಹಿತ್ತಿಲಿನದ್ದೇ" ಎಂದು ಕೂಗಿ ಹೇಳಿದ. ಈ ಸಲ ಅವನು ಬಾಗಿಲಲ್ಲಿ ನಿಲ್ಲಲಿಲ್ಲ.