ನುಗ್ಗೆಯ ಸೊಪ್ಪಿನ ಉಪಯೋಗಗಳು

ಬಯಲುಸೀಮೆಯಲ್ಲಿ ನುಗ್ಗೆಯ ಮರವಿಲ್ಲದ ಹಳ್ಳಿಯು ವಿರಳ. ಆದರೂ ಕಾಯಿಯನ್ನು ಹುಳಿಗೆ ಹಾಕಿ ಸವಿಯುವ ರೈತರಲ್ಲಿ ಅನೇಕರು ಸೊಪ್ಪನ್ನು ದನಗಳ ಮುಂದೆ ಚೆಲ್ಲುವುದುಂಟು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಇದು ತಕ್ಕ ನಿದರ್ಶನವಾಗಿದೆ.

ಆಹಾರಸತ್ವದಲ್ಲಿ ಕಾಯಿಗಿಂತ ಸೊಪ್ಪೇ ಮೇಲಾದುದು. 100 ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 6 ಗ್ರಾಂ ಸಸಾರಜನಕವೂ, 300 ಮಿಲಿಗ್ರಾಂಗೆ ಮೀರಿದ ಸುಣ್ಣದ ಅಂಶವೂ ಇರುವುವು. ಅಷ್ಟೇ ತೂಕದ ಕಾಯಿಯಲ್ಲಿ ಸುಣ್ಣವು ಇದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಶರೀರದಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಡುವ ವಸ್ತುವೂ ಸೊಪ್ಪಿನಲ್ಲಿ ಹೇರಳವಾಗಿದೆ. ಈ ಜೀವಸತ್ವದ ಕೊರತೆಯಿಂದ ಮಕ್ಕಳಿಗೆ ಇರುಳುಗಣ್ಣು ಉಂಟಾಗುವುದು. ಅಲಕ್ಷಿಸಿದರೆ ದೃಷ್ಟಿಯೇ ನಷ್ಟವಾಗಬಹುದು. ಅಂತಹ ಮಕ್ಕಳನ್ನು ಕೂಡಲೇ ವೈದ್ಯರಿಗೆ ತೋರಿಸತಕ್ಕದ್ದು. ಕೊರತೆಯು ಬಾರದಂತೆ ಸೊಪ್ಪನ್ನು ಆಗಾಗ್ಗೆ ಉಣಬಡಿಸತಕ್ಕದ್ದು.

ಸೊಪ್ಪನ್ನು ತೊಳೆದ ಬಳಿಕ ಬಿಡಿಸಿ, ಪಾತ್ರೆಯನ್ನು ಮುಚ್ಚಿ, ಸ್ವಲ್ಪ ಹೊತ್ತು ಮಾತ್ರ ಬೇಯಿಸಬೇಕು. ಬೆಂದ ನೀರನ್ನು ಬಸಿದು ಚೆಲ್ಲಿದರೆ ‘ಸಿ’ ಜೀವಸತ್ವದ ಬಹುಭಾಗವು ಅದರೊಡನೆ ಹೋಗುವುದು. ಒಗ್ಗರಣೆಯ ಎಣ್ಣೆಯು ‘ಎ’ ಜೀವಸತ್ವವು ಮೈಗೆ ಹತ್ತಲು ಸಹಕಾರಿ. ಒಣಗಿಸಿಡುವವರು ನೆರಳಿನಲ್ಲಿಯೇ ಒಣಗಿಸತಕ್ಕದ್ದು.

ಎಲೆಯನ್ನು ಅರೆದು ಊತಕ್ಕೆ ಪಟ್ಟು ಹಾಕುವುದು ಹಳ್ಳಿಗಳಲ್ಲಿ ವಾಡಿಕೆ. ಆದರೆ ಬೇರು, ತೊಗಟೆಗಳಲ್ಲಿ ವಿಷಾಂಶವಿರುವುದರಿಂದ ಅವನ್ನು ಮನೆಮದ್ದಾಗಿ ಸೇವಿಸುವುದು ಅಪಾಯಕರ, ಗರ್ಭಿಣಿಯರಂತೂ ಸೇವಿಸಲೇಕೂಡದು.

ಕಂಬಳಿಹುಳುವಿನ ಭಯದಿಂದ ಮರವನ್ನೇ ಕಡಿಯುವವರುಂಟು. ಹುಳುಗಳು ಹಗಲಿನಲ್ಲಿ ಕಾಂಡದ ಮೇಲೆ ಗುಂಪುಗೂಡಿದಾಗ ಪಂಜಿನಿಂದ ಸುಟ್ಟರೆ ಸಾಕು, ಮರವು ಉಳಿಯುವುದು. ಮುಂಗಾರಿನ ಮೊದಲಲ್ಲಿ ನೀರು ನಿಲ್ಲದ ಎಡೆಯಲ್ಲಿ 3–4 ಅಡಿ ಉದ್ದದ ಬಲಿತ ಕೊಂಬೆಯೊಂದನ್ನು ನೆಟ್ಟರೆ, ಖರ್ಚಿಲ್ಲದೆ ಮನೆಮಂದಿಗೆಲ್ಲ ಸೊಪ್ಪು ದೊರೆಯುವುದು.