ಆಲ್ಕೊಹಾಲುಗಳ ಉತ್ಕರ್ಷಣ

ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ಗಂಧದೆಣ್ಣೆಯ ಕಾರ್ಖಾನೆಯೊಂದಿರುವುದು ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ ಆಗಿದೆ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಗಂಧದ ಮರವು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಯುದ್ಧ ಆರಂಭವಾಗಿ ಆ ದಾರಿ ಮುಚ್ಚಿಹೋಯಿತು. ಆಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮರವನ್ನು ಇಲ್ಲಿಯೇ ಬಟ್ಟಿ ಇಳಿಸುವ ಪ್ರಯತ್ನ ಮೊದಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಎಂಬ ರಸಾಯನ ವಿಜ್ಞಾನಿಗಳ ನೆರವಿನಿಂದ ಕಾರ್ಯ ಕೈಗೂಡಿ, 1917ರ ಹೊತ್ತಿಗೆ ಮೈಸೂರಿನಲ್ಲಿ ಕಾರ್ಖಾನೆ ನೆಲೆಗೊಂಡಿತು.

ಅಲ್ಲಿ ಬಟ್ಟಿ ಇಳಿದು ಬರುವ ಪರಿಮಳದ್ರವ್ಯದ ಬಹುಭಾಗ ಆಲ್ಕೊಹಾಲು ಎಂದರೆ ನಮ್ಮ ವಿದ್ಯಾರ್ಥಿಗಳಿಗೆ ಥಟ್ಟನೆ ನಂಬಿಕೆ ಬರುವುದಿಲ್ಲ. ಆಲ್ಕೊಹಾಲು ಎಂದೊಡನೆ ಅವರ ಕಣ್ಣಮುಂದೆ ನಿಲ್ಲುವುದು ಹೆಂಡದಂಗಡಿ. ಆದರೆ ರಸಾಯನಶಾಸ್ತ್ರದಲ್ಲಿ ಅದೊಂದು ದೊಡ್ಡ ವಂಶದ ಹೆಸರು. ಆಮ್ಲಜನಕ ಮತ್ತು ಜಲಜನಕಗಳ ತಲಾ ಒಂದು ಪರಮಾಣು ಸೇರಿದ ಹೈಡ್ರಾಕ್ಸಿಲ್ ಎಂಬ ಜೋಡಿಯು ಇಂಗಾಲದ ಸರಪಳಿಗೆ ಅಂಟಿಕೊಂಡಿದ್ದರೆ ಅದು ಆಲ್ಕೊಹಾಲು. ಮದ್ಯದಲ್ಲಿರುವ ಈಥೈಲ್ ಆಲ್ಕೊಹಾಲಿನಲ್ಲಿ ಇಂಗಾಲದ ಎರಡು ಪರಮಾಣುಗಳಿವೆ. ಗಂಧದೆಣ್ಣೆಯ ಸ್ಯಾಂಟಲಾಲ್‌ನಲ್ಲಿ ಹದಿನೈದು. ಸ್ಯಾಂಟಲಾಲ್‌ನಲ್ಲಿ ಆಲ್ಫ, ಬೀಟ ಎಂಬ ಎರಡು ಮುಖ್ಯ ಬಗೆಗಳಿದ್ದು, ಒಳ್ಳೆಯ ಎಣ್ಣೆಯಲ್ಲಿ ಆಲ್ಫ ಶೇಕಡ 41ರಿಂದ 55ರವರೆಗೂ ಬೀಟ 16ರಿಂದ 24ರವರೆಗೂ ಇರಬೇಕೆಂದು ಅಂತರರಾಷ್ಟ್ರೀಯ ಮಾನಕ ವಿಧಿಸುತ್ತದೆ.

ನಾವು ಭೌತವಿಜ್ಞಾನವನ್ನು ಬೋಧಿಸುವವರು. ಆದುದರಿಂದ ರಸಾಯನದ ಮನೆಯನ್ನು ಕುದಿಬಿಂದುವಿನ ಬಾಗಿಲಿನಿಂದ ಪ್ರವೇಶಿಸುತ್ತೇವೆ. ಅಡುಗೆಯ ಅನಿಲದಲ್ಲಿರುವ ಪ್ರೋಪೇನಿನ ಅಣುಭಾರ 44, ಈಥೈಲ್ ಆಲ್ಕೊಹಾಲಿನದು 46. ಭಾರದಲ್ಲಿ ಹೆಚ್ಚು ಭೇದವಿಲ್ಲ. ಆದರೂ ಪ್ರೋಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೇ ಕುದಿದು ಅನಿಲವಾಗುತ್ತದೆ; ಈಥೈಲ್ ಆಲ್ಕೊಹಾಲು 78 ಡಿಗ್ರಿ ಸೆಂಟಿಗ್ರೇಡಿನವರೆಗೆ ದ್ರವವಾಗಿಯೇ ನಿಲ್ಲುತ್ತದೆ. ಒಂದು ಅಣುವಿನ ಹೈಡ್ರಾಕ್ಸಿಲಿನ ಜಲಜನಕವನ್ನು ನೆರೆಯ ಅಣುವಿನ ಆಮ್ಲಜನಕ ತನ್ನ ಕಡೆಗೆ ಸೆಳೆದುಕೊಳ್ಳುವುದೇ ಇದಕ್ಕೆ ಕಾರಣ. ಈ ಜಲಜನಕ ಬಂಧವೇ ನೀರಿನ ಅಣುಗಳನ್ನೂ ಹಿಡಿದಿಟ್ಟಿರುವುದರಿಂದ ಮದ್ಯಸಾರವೂ ನೀರೂ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಸ್ಯಾಂಟಲಾಲಿನ ಪಾಡು ಬೇರೆ. ಹದಿನೈದು ಇಂಗಾಲಗಳ ನಡುವೆ ಒಂದೇ ಹೈಡ್ರಾಕ್ಸಿಲಿನ ಮಾತು ನಡೆಯುವುದಿಲ್ಲ. ಅದು ನೀರಿನಲ್ಲಿ ಕರಗದು. ಕಾರ್ಖಾನೆಗೆ ಇದರಿಂದ ಅನುಕೂಲವೇ ಆಯಿತು. ಸುಮಾರು 300 ಡಿಗ್ರಿಯಲ್ಲಿ ಕುದಿಯುವ ಈ ವಸ್ತುವನ್ನು ನೀರಿನ ಹಬೆಯು ತನ್ನೊಡನೆ 100 ಡಿಗ್ರಿಯ ಆಸುಪಾಸಿನಲ್ಲಿಯೇ ಹೊತ್ತು ತರುತ್ತದೆ. ತಣಿದ ಮೇಲೆ ಎಣ್ಣೆ ತಾನಾಗಿಯೇ ನೀರಿನಿಂದ ಬೇರೆಯಾಗುತ್ತದೆ.

ಇನ್ನು ಉತ್ಕರ್ಷಣ. ಆಮ್ಲಜನಕ ಸೇರುವುದು, ಅಥವಾ ಜಲಜನಕ ಕಳಚಿಹೋಗುವುದು, ಎರಡಕ್ಕೂ ಇದೇ ಹೆಸರು. ಪಠ್ಯಪುಸ್ತಕಗಳಲ್ಲಿ ಇದಕ್ಕೆ ಉದ್ದವಾದ ಪಟ್ಟಿಯುಂಟು. ವಿದ್ಯಾರ್ಥಿಗಳು ಅದನ್ನು ಉರುಹೊಡೆದು ಪರೀಕ್ಷೆಯ ಮರುದಿನವೇ ಮರೆಯುತ್ತಾರೆ. ವಾಸ್ತವವಾಗಿ ನೆನಪಿಡಬೇಕಾದುದು ಒಂದೇ ಎಣಿಕೆ: ಹೈಡ್ರಾಕ್ಸಿಲನ್ನು ಹೊತ್ತ ಇಂಗಾಲದ ಮೇಲೆ ಎಷ್ಟು ಜಲಜನಕಗಳಿವೆ?

ಪೂಜೆಯ ಹರಿವಾಣವನ್ನೇ ನೋಡೋಣ. ಅದರಲ್ಲಿ ಗಂಧವಿದೆ, ಕರ್ಪೂರವಿದೆ, ಮಲ್ಲಿಗೆಯಿದೆ. ಸ್ಯಾಂಟಲಾಲ್‌ನಲ್ಲಿ ಆ ಇಂಗಾಲದ ಮೇಲೆ ಎರಡು ಜಲಜನಕಗಳು. ಇಂಥದು ಪ್ರಾಥಮಿಕ ಆಲ್ಕೊಹಾಲು. ಮೃದುವಾಗಿ ಉತ್ಕರ್ಷಿಸಿದರೆ ಸ್ಯಾಂಟಲಾಲ ಎಂಬ ಆಲ್ಡಿಹೈಡು, ಮುಂದುವರಿಸಿದರೆ ಆಮ್ಲ. ಕರ್ಪೂರವೋ, ಒಂದು ಕೀಟೋನು. ಅಂಗಡಿಯ ಕರ್ಪೂರದ ಬಿಲ್ಲೆ ಈಗ ಬಹುಮಟ್ಟಿಗೆ ಮರದಿಂದ ಬಂದುದಲ್ಲ. ಟರ್ಪೆಂಟೈನಿನಿಂದ ಕಾರ್ಖಾನೆಗಳಲ್ಲಿ ತಯಾರಾದದ್ದು. ಅದರ ಕಡೆಯ ಹಂತದಲ್ಲಿ ಐಸೊಬೋರ್ನಿಯಾಲ್ ಎಂಬ ದ್ವಿತೀಯಕ ಆಲ್ಕೊಹಾಲಿನಿಂದ ಎರಡು ಜಲಜನಕಗಳನ್ನು, ಹೈಡ್ರಾಕ್ಸಿಲಿನಿಂದ ಒಂದು, ಇಂಗಾಲದಿಂದ ಒಂದು, ತೆಗೆಯುತ್ತಾರೆ. ಆ ಇಂಗಾಲದಲ್ಲಿದ್ದುದೇ ಒಂದು ಜಲಜನಕ. ಅದು ಹೋದ ಮೇಲೆ ಕ್ರಿಯೆ ಕೀಟೋನಿನಲ್ಲಿಯೇ ನಿಂತುಬಿಡುತ್ತದೆ. ಮಲ್ಲಿಗೆಯ ಕಂಪಿನಲ್ಲಿರುವ ಲಿನಲೂಲ್ ತೃತೀಯಕ ಆಲ್ಕೊಹಾಲು. ಅಲ್ಲಿ ಕಳಚಲು ಜಲಜನಕವೇ ಇಲ್ಲ. ಆದುದರಿಂದ ಆ ತಾಣದಲ್ಲಿ ಅದು ಜಗ್ಗುವುದಿಲ್ಲ. (ಲಿನಲೂಲಿನಲ್ಲಿಯೂ ಸ್ಯಾಂಟಲಾಲಿನಲ್ಲಿಯೂ ಬೇರೆಡೆ ದ್ವಿಬಂಧಗಳಿವೆ, ಪರ್ಮಾಂಗನೇಟಿನಂಥ ಒರಟು ಉತ್ಕರ್ಷಕವು ಅವುಗಳ ಮೇಲೂ ಬೀಳುತ್ತದೆ. ಅದು ಬೇರೆ ವಿಚಾರ.)

ಪ್ರಯೋಗಶಾಲೆಯಲ್ಲಿ ಈಥೈಲ್ ಆಲ್ಕೊಹಾಲನ್ನು ಆಮ್ಲ ಬೆರೆಸಿದ ಪೊಟಾಸಿಯಂ ಡೈಕ್ರೋಮೇಟಿನೊಡನೆ ಬಿಸಿಮಾಡಿದರೆ ಕಿತ್ತಳೆ ಬಣ್ಣ ಹಸಿರಾಗುವುದನ್ನು ಕಾಣಬಹುದು. ಮೊದಲು ಹುಟ್ಟುವುದು ಅಸಿಟಾಲ್ಡಿಹೈಡು. ಅದರಲ್ಲಿ ಹೈಡ್ರಾಕ್ಸಿಲ್ ಇಲ್ಲವಾದುದರಿಂದ ಅದರ ಅಣುಗಳು ತಮ್ಮತಮ್ಮಲ್ಲಿ ಜಲಜನಕ ಬಂಧವನ್ನು ಹೂಡಲಾರವು. ಸುಮಾರು 21 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹುಟ್ಟಿದೊಡನೆ ಬಟ್ಟಿ ಇಳಿಸಿ ಹೊರಗೆ ತೆಗೆದರೆ ಆಲ್ಡಿಹೈಡು ದಕ್ಕುತ್ತದೆ. ಒಳಗೇ ಬಿಟ್ಟರೆ ಅಸಿಟಿಕ್ ಆಮ್ಲವಾಗುತ್ತದೆ. ತೆರೆದಿಟ್ಟ ಕಳ್ಳು ಹುಳಿಯುವಾಗ ಬ್ಯಾಕ್ಟೀರಿಯಗಳು ಮಾಡುವ ಕೆಲಸವೂ ಇದೇ.

ರಾತ್ರಿಯ ವೇಳೆ ವಾಹನ ಚಾಲಕರ ಉಸಿರನ್ನು ಪೊಲೀಸರು ಪರೀಕ್ಷಿಸುವುದೂ ಇದೇ ಕ್ರಿಯೆಯಿಂದ. ಹಿಂದೆ ಡೈಕ್ರೋಮೇಟಿನ ಬಣ್ಣವನ್ನು ನೋಡುತ್ತಿದ್ದರು. ಈಗಿನ ಉಪಕರಣಗಳಲ್ಲಿ ಸಾಮಾನ್ಯವಾಗಿ ಪ್ಲಾಟಿನಂ ವಿದ್ಯುದಗ್ರದ ಮೇಲೆ ಉತ್ಕರ್ಷಣ ನಡೆಯುತ್ತದೆ. ಆಲ್ಕೊಹಾಲಿನ ಒಂದು ಅಣು ಅಸಿಟಿಕ್ ಆಮ್ಲವಾಗುವಾಗ ನಾಲ್ಕು ಇಲೆಕ್ಟ್ರಾನುಗಳು ಬಿಡುಗಡೆಯಾಗುತ್ತವೆ. ಆ ವಿದ್ಯುತ್ತನ್ನು ಅಳೆದರೆ ಕುಡಿದ ಲೆಕ್ಕ ಸಿಕ್ಕುತ್ತದೆ. ನಮ್ಮ ದೇಶದ ಕಾನೂನಿನಲ್ಲಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಂ ಮೀರುವಂತಿಲ್ಲ.

ದೇಹದೊಳಗೆ ಪ್ಲಾಟಿನಮ್ಮೂ ಇಲ್ಲ, ಡೈಕ್ರೋಮೇಟೂ ಇಲ್ಲ. ಅಲ್ಲಿ ಯಕೃತ್ತಿನ ಕಿಣ್ವಗಳು ಜಲಜನಕವನ್ನು ಕೀಳುತ್ತವೆ. ಈಥೈಲ್ ಆಲ್ಕೊಹಾಲು ಅಸಿಟಾಲ್ಡಿಹೈಡಾಗಿ, ಬಳಿಕ ಅಸಿಟಿಕ್ ಆಮ್ಲವಾಗಿ, ಕೊನೆಗೆ ಇಂಗಾಲದ ಡೈಆಕ್ಸೈಡು ಮತ್ತು ನೀರಾಗಿ ಮುಗಿಯುತ್ತದೆ. ಆದರೆ ಆ ಕಿಣ್ವಕ್ಕೆ ಈಥೈಲ್ ಯಾವುದು, ಮೀಥೈಲ್ ಯಾವುದು ಎಂಬ ವಿವೇಚನೆ ಇಲ್ಲ.

ಮೀಥೈಲ್ ಆಲ್ಕೊಹಾಲು ಕರ್ನಾಟಕಕ್ಕೆ ಅಪರಿಚಿತವಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಗೆ ಇದ್ದಿಲು ಬೇಕಾಗಿ ಕಾಡಿನ ಕಟ್ಟಿಗೆಯನ್ನು ಮುಚ್ಚಿದ ಪಾತ್ರೆಗಳಲ್ಲಿ ಕಾಯಿಸುತ್ತಿದ್ದರು. ಹೊರಬಂದ ಆವಿಯನ್ನು ತಣಿಸಿದಾಗ ದೊರೆಯುತ್ತಿದ್ದ ವಸ್ತುಗಳಲ್ಲಿ ಇದೂ ಒಂದು. ಈಗ ಜಗತ್ತಿನಲ್ಲಿ ಇದು ಹೆಚ್ಚಾಗಿ ತಯಾರಾಗುವುದು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ನೋಟದಲ್ಲಿ ಇದಕ್ಕೂ ಮದ್ಯಸಾರಕ್ಕೂ ಭೇದವಿಲ್ಲ. ವಾಸನೆಯಿಂದಲೂ ಗುರುತಿಸುವುದು ಕಷ್ಟ. ಇಂಗಾಲದ ಮೇಲಿನ ಜಲಜನಕಗಳನ್ನು ಎಣಿಸಿದರೆ ಮೂರು. ಆದಕಾರಣ ಇದು ಮೊದಲು ಫಾರ್ಮಾಲ್ಡಿಹೈಡಾಗುತ್ತದೆ, ಒಡನೆಯೇ ಫಾರ್ಮಿಕ್ ಆಮ್ಲವಾಗುತ್ತದೆ. ಅಲ್ಲಿಯೂ ಒಂದು ಜಲಜನಕ ಉಳಿದಿರುತ್ತದೆ. ಅದನ್ನೂ ಕಿತ್ತು ಇಂಗಾಲದ ಡೈಆಕ್ಸೈಡನ್ನಾಗಿಸುವ ಕೆಲಸದಲ್ಲಿ ಮನುಷ್ಯ ದೇಹ ಬಹು ನಿಧಾನ. ಹೀಗೆ ಶೇಖರವಾದ ಫಾರ್ಮಿಕ್ ಆಮ್ಲವು ಜೀವಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವ ಕ್ರಿಯೆಗೆ ತಡೆಯೊಡ್ಡುತ್ತದೆ. ಅದರ ಪೆಟ್ಟನ್ನು ಮೊದಲು ತಿನ್ನುವ ಅಂಗಗಳಲ್ಲಿ ಕಣ್ಣಿನ ನರವೂ ಒಂದು.

1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಮಂದಿ ಸತ್ತರು. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತ, ಕೋಲಾರ ಜಿಲ್ಲೆ ಹಾಗೂ ತಮಿಳುನಾಡಿನ ಕೃಷ್ಣಗಿರಿಯ ಕಡೆ ಮತ್ತೆ ನೂರಕ್ಕೂ ಹೆಚ್ಚು ಜೀವಗಳು ಹೋದವು. ಸತ್ತವರಲ್ಲಿ ಹೆಚ್ಚಿನವರು ಕೂಲಿಮಾಡಿ ಬದುಕುವ ಬಡವರು. ಇಂಥ ಸುದ್ದಿ ಬಂದಾಗಲೆಲ್ಲ "ಕುಡಿದರು, ಸತ್ತರು" ಎಂದು ಹೇಳಿ ಮುಗಿಸುವವರುಂಟು. ನಮಗೆ ಆ ಮಾತು ಸರಿಯೆನಿಸುವುದಿಲ್ಲ. ಅಗ್ಗದ ಸರಕಿನಲ್ಲಿ ಮೀಥೈಲ್ ಬೆರೆಸಿ ಮಾರಿದವನಿಗೆ ತಿಳಿದಿದ್ದ ಸಂಗತಿಯನ್ನು ತಿಳಿಯಲು ಕುಡಿದವನಿಗೆ ಯಾವ ದಾರಿಯೂ ಇರಲಿಲ್ಲ.

ವಿಷವು ಕೂಡಲೇ ತಲೆದೋರುವುದಿಲ್ಲವೆಂಬುದು ಇನ್ನೊಂದು ಅಪಾಯ. ಉತ್ಕರ್ಷಣಕ್ಕೆ ಕಾಲ ಹಿಡಿಯುವುದರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇಡೀ ದಿನ, ಸಾಮಾನ್ಯ ಅಮಲಿನಂತೆಯೇ ಕಾಣುತ್ತದೆ. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು, ಕಣ್ಣು ಮಂಜಾಗುವುದು. ಇವು ಕಂಡರೆ ಮಲಗಿ ಸುಧಾರಿಸಿಕೊಳ್ಳಲಿ ಎಂದು ಬಿಡದೆ ಆಗಿಂದಾಗಲೇ ಆಸ್ಪತ್ರೆಗೆ ಒಯ್ಯಬೇಕು. ಒಟ್ಟಿಗೆ ಕುಡಿದವರನ್ನು, ಅವರಿಗೆ ಏನೂ ಆಗಿಲ್ಲದಿದ್ದರೂ, ಕರೆದೊಯ್ಯಬೇಕು. ಅಲ್ಲಿ ವೈದ್ಯರು ಫೋಮೆಪಿಜೋಲ್ ಎಂಬ ಔಷಧವನ್ನೋ ಅದು ದೊರೆಯದಿದ್ದಲ್ಲಿ ಅಳತೆಮಾಡಿದ ಶುದ್ಧ ಈಥೈಲ್ ಆಲ್ಕೊಹಾಲನ್ನೋ ಕೊಡುತ್ತಾರೆ. ಓದಿ ಆಶ್ಚರ್ಯವಾಗಬಹುದು. ಕಿಣ್ವಕ್ಕೆ ಮೀಥೈಲಿಗಿಂತ ಈಥೈಲಿನ ಮೇಲೆ ಒಲವು ಎಷ್ಟೋ ಹೆಚ್ಚು. ಅದು ಈಥೈಲಿನ ಕೆಲಸದಲ್ಲಿ ತೊಡಗಿರುವ ತನಕ ಮೀಥೈಲು ಉತ್ಕರ್ಷಣ ಹೊಂದದೆ ಹಾಗೆಯೇ ರಕ್ತದಲ್ಲಿ ಉಳಿಯುತ್ತದೆ, ಡಯಾಲಿಸಿಸ್ ಯಂತ್ರವು ಅದನ್ನು ಸೋಸಿ ಹೊರಗೆ ಹಾಕುತ್ತದೆ.